ಎಡಗೈ ಎತ್ತಿದವರು

ಲೋಮ್, ೧೯ ನವೆಂಬರ್ ೧೯೯೫

ಪ್ರೀತಿಯ ಪಾವ್ಲಿನಾ,

ಕ್ಷೇಮ ಸಮಾಚಾರವೆಲ್ಲ ಆಮೇಲೆ. ಮೊದಲು ನನ್ನ ಗೋಳು ಕೇಳು. ಶಿಕ್ಷಣ ಕಚೇರಿಯಿಂದ ಸುತ್ತೋಲೆ ಬಂದಿದೆ. ರಷ್ಯನ್ ಕಲಿಸಿಕೊಂಡಿದ್ದು, ಕಮ್ಯುನಿಸ್ಟ್ ಸರ್ಕಾರ ಉರುಳಿ ಕಾಲ ಬದಲಾದ ಮೇಲೆ ಆರು ತಿಂಗಳ ತರಬೇತಿ ಮುಗಿಸಿ ರಾತ್ರೋರಾತ್ರಿ ಇಂಗ್ಲಿಷ್ ಮೇಡಂ ಆದ ನಮ್ಮಂಥವರೆಲ್ಲ ಮಾರ್ಚ್ ಮುಗಿಯುವುದರೊಳಗೆ ಒಂದು ತೆರೆದ ಪಾಠ ಮಾಡಿ ತೋರಿಸಬೇಕಂತೆ. ನಿನಗೆ ಆ ನಾಟಕ ಮರೆತಿರಲಾರದು. ಹಿಂದಿನ ಬೆಂಚಿನಲ್ಲಿ ಇನ್ಸ್‌ಪೆಕ್ಟರು, ಅವರ ಪಕ್ಕ ಹೆಡ್‌ಮಿಸ್ಟ್ರೆಸ್, ಆಚೀಚೆ ಬೇರೆ ಶಾಲೆಯ ನಾಲ್ಕು ಜನ, ಎಲ್ಲರ ಮಡಿಲಲ್ಲೂ ನೋಟ್ ಪುಸ್ತಕ. ಪಾಸಾದವರಿಗೆ ಕೆಲಸ ಖಾಯಂ. ಫೇಲಾದವರು ಜೂನ್ ಕೊನೆಗೆ ಮನೆಗೆ. ನನಗೆ ಪಿಂಚಣಿಗೆ ಇನ್ನು ಮೂರು ವರ್ಷ ಇದೆ. ನನ್ನ ಗಂಡ ಮೆತೋದಿಯೋ, ಕಾರ್ಖಾನೆ ಮುಚ್ಚಿದಾಗಿನಿಂದ ಕಿಟಕಿಯ ಹತ್ತಿರ ಕೂತವನು ಎದ್ದಿಲ್ಲ. ನಾನೂ ಹೋಗಿ ಅವನ ಪಕ್ಕದಲ್ಲಿ ಕೂತರೆ ಈ ಮನೆ ನಡೆಯುವುದು ಹೇಗೆ?

ಯಾರು ಯಾವ ಪಾಠ ಮಾಡಬೇಕು ಅಂತ ಚೀಟಿ ಎತ್ತಿಸಿದರು. ಭೂಗೋಳದವರಿಗಾದರೆ ನದಿ ಬೆಟ್ಟ ಬರುತ್ತಿತ್ತು. ನನಗೆ ಬಂದದ್ದು ಪ್ರೆಸೆಂಟ್ ಪರ್ಫೆಕ್ಟ್.

ನಗಬೇಡ. ತರಬೇತಿಯಲ್ಲಿ ಅದನ್ನು ಹೇಳಿಕೊಟ್ಟ ವಾರ ನನಗೆ ಜ್ವರ, ನಿನ್ನ ನೋಟ್ಸ್ ನೋಡಿ ಬರೆದುಕೊಂಡಿದ್ದೆ. ಆಮೇಲೆ ಐದು ವರ್ಷದಿಂದ ಆ ಪಾಠವನ್ನು ಜಾಣತನದಿಂದ ಹಾರಿಸುತ್ತಾ ಬಂದಿದ್ದೇನೆ. ಏಳನೇ ತರಗತಿಗೆ "ಇದು ಮುಂದಿನ ವರ್ಷಕ್ಕೆ" ಅನ್ನುವುದು, ಎಂಟನೇ ತರಗತಿಗೆ "ಇದು ಹೋದ ವರ್ಷವೇ ಆಗಿದೆ" ಅನ್ನುವುದು. ಇಪ್ಪತ್ತೆರಡು ವರ್ಷ ರಷ್ಯನ್ ಕಲಿಸಿದವಳಿಗೆ ಆಗಿಹೋದದ್ದು ಆಗಿಹೋಯಿತು, ಅಷ್ಟೇ. ಆಗಿಹೋದದ್ದು ಇನ್ನೂ ಎದುರಿಗೇ ಕೂತಿದೆ ಅಂತ ಮಕ್ಕಳಿಗೆ ಹೇಗೆ ಹೇಳಲಿ? ಪುಸ್ತಕದಲ್ಲಿ ಒಂದು ಗೆರೆ ಎಳೆದು ಬಾಣ ಹಾಕಿದ್ದಾರೆ. ಬೋರ್ಡಿನ ಮೇಲೆ ಆ ಬಾಣ ಎಳೆದೆ. ಮಕ್ಕಳು ಬಾಣ ನೋಡಿದರು, ನಾನೂ ನೋಡಿದೆ.

ನೀನು ಅಲ್ಲಿ ಗ್ರೀಸಿನಲ್ಲಿ, ಹೆರಾಕ್ಲಿಯೋನಿನ ಸಂಜೆ ಶಾಲೆಯಲ್ಲಿ ದಿನಾ ಇದನ್ನೇ ಕಲಿಸುವವಳು. ಹೇಗೆ ಕಲಿಸುತ್ತೀ ಬರೆ. ಇಬ್ಬರೂ ಒಂದೇ ಬೆಂಚಿನಲ್ಲಿ ತರಬೇತಿ ಪಡೆದು ನೀನು ಎಲ್ಲಿಗೋ ಮುಟ್ಟಿದೆ, ನಾನು ಇಲ್ಲೇ ಸೀಮೆಸುಣ್ಣದ ಚೂರು ಎಣಿಸುತ್ತಾ ಕೂತಿದ್ದೇನೆ. ಹೊಟ್ಟೆಕಿಚ್ಚು ಅಂದುಕೊಂಡರೂ ಅಡ್ಡಿಯಿಲ್ಲ, ಸ್ವಲ್ಪ ಇದೆ.

ನಿನ್ನ ಮಗಳು ಜೋರ್ನಿತ್ಸಾ ಚೆನ್ನಾಗಿದ್ದಾಳೆ. ಈ ವರ್ಷ ಅವಳು ನನ್ನ ಕ್ಲಾಸಿನಲ್ಲೇ ಇದ್ದಾಳೆ. ನಿನ್ನಷ್ಟೇ ಎತ್ತರ ಆಗಿದ್ದಾಳೆ. ನಿನ್ನ ಅಮ್ಮ ಎಲೆಕೋಸಿನ ಉಪ್ಪಿನಕಾಯಿ ಪೀಪಾಯಿಗೆ ಉಪ್ಪು ಹಾಕಿ ಮುಗಿಸಿದರು, ಮೊಮ್ಮಗಳೇ ಮೇಲೆ ಕಲ್ಲು ಹೇರಿದಳು.

ನಿನ್ನ
ಸ್ಟೋಯ್ಕಾ


ಹೆರಾಕ್ಲಿಯೋನ್, ೧೦ ಡಿಸೆಂಬರ್ ೧೯೯೫

ಪ್ರೀತಿಯ ಸ್ಟೋಯ್ಕಾ,

ಕಾಗದ ಓದಿ ನಕ್ಕೆ, ಕ್ಷಮಿಸು. ಮುಂದಿನ ವರ್ಷ, ಹೋದ ವರ್ಷ ಅಂತ ಐದು ವರ್ಷ ತಳ್ಳಿದ್ದೀಯಲ್ಲ, ನಿನ್ನ ಧೈರ್ಯ ಮೆಚ್ಚಬೇಕು.

ಬಾಣ ಅಳಿಸಿಬಿಡು. ಈ ಕಾಲವನ್ನು ವಿವರಿಸುವುದಕ್ಕೆ ಆಗುವುದಿಲ್ಲ, ಕೇಳಬೇಕು, ಅಷ್ಟೇ. ನನ್ನ ಕ್ಲಾಸಿನಲ್ಲಿ ಎವಾಂಥಿಯಾ ಅಂತ ಒಬ್ಬಳಿದ್ದಾಳೆ. ಎಲ್ಲರಿಗಿಂತ ನಿಧಾನ. ಇವತ್ತು ಹೇಳಿದ್ದು ನಾಳೆ ಬೆಳಿಗ್ಗೆ ನೆನಪಿರುವುದಿಲ್ಲ, ಮತ್ತೆ ಮೊದಲಿನಿಂದ ಶುರು. ಹಟವೂ ಇದೆ, ಬಾಯಿ ಬಿಗಿಹಿಡಿದು ಗೋಡೆ ಕಡೆ ಮುಖ ತಿರುಗಿಸಿಬಿಡುತ್ತಾಳೆ. ಅವಳಿಂದ ನಾನು ಕಲಿತದ್ದು ಇದು: ಉತ್ತರ ಕೋಣೆಯಲ್ಲೇ ಕಾಣಿಸುವಂಥ ಪ್ರಶ್ನೆ ಕೇಳು. ಊಟ ಆಗಿದೆಯಾ? ತಟ್ಟೆ ನೋಡಿದರೆ ಗೊತ್ತಾಗುತ್ತದೆ. ಯಾವಾಗ ಆಯಿತು ಅನ್ನುವುದು ಯಾರಿಗೂ ಬೇಡ, ಆಗಿದೆಯೋ ಇಲ್ಲವೋ ಅಷ್ಟೇ ಬೇಕು. ಅದೇ ಈ ಕಾಲ. ನಿನ್ನ ಗೆರೆ, ಬಾಣ ಎಲ್ಲವೂ ಅದರಲ್ಲೇ ಮುಗಿಯಿತು.

ಹೀಗೆ ಕೇಳು: ಊಟ ಆಗಿದೆಯಾ? ನೀರು ಕುಡಿದಿದ್ದೀಯಾ? ಕೈ ತೊಳೆದಿದ್ದೀಯಾ? ಮಾತ್ರೆ ತೆಗೆದುಕೊಂಡಿದ್ದೀಯಾ? ಕನ್ನಡಕ ಎಲ್ಲಿ ಇಟ್ಟಿದ್ದೀಯ? ನಿದ್ದೆ ಬಂದಿದೆಯಾ? ದಿನಕ್ಕೆ ಇಪ್ಪತ್ತು ಸಲ ಕೇಳು. ಸಾಕು ಸಾಕು ಅನಿಸುವವರೆಗೆ ಕೇಳು. ಆಮೇಲೆ ಒಂದು ದಿನ ಅವರೇ ತಿರುಗಿ ನಿನ್ನನ್ನು ಕೇಳುತ್ತಾರೆ. ನನ್ನ ಎವಾಂಥಿಯಾ ಇನ್ನೂ ತಿರುಗಿ ಕೇಳಿಲ್ಲ, ಆದರೆ ನಿನ್ನ ಮಕ್ಕಳು ಚುರುಕು.

ಕ್ರಿಸ್ಮಸ್ಸಿಗೆ ಬರಲು ಆಗುವುದಿಲ್ಲ. ಶಾಲೆಯಲ್ಲಿ ರಜೆ ಕೊಡುತ್ತಿಲ್ಲ, ಮೂವತ್ತು ಜನರನ್ನು ಯಾರ ಕೈಗೆ ಒಪ್ಪಿಸಿ ಬರಲಿ? ಜೋರ್ನಿತ್ಸಾಗೆ ನೀನೇ ಸಮಾಧಾನ ಹೇಳು. ಅವಳಿಗೆ ಒಂದು ಸ್ವೆಟರ್ ಕಳಿಸಿದ್ದೇನೆ, ತೋಳು ಗಿಡ್ಡ ಆದರೆ ಅಮ್ಮ ಬಿಚ್ಚಿ ಹೆಣೆಯಲಿ. ನಿನ್ನಷ್ಟೇ ಎತ್ತರ ಅಂತ ಬರೆದೆಯಲ್ಲ, ಆ ಸಾಲು ಓದಿ ಅಂಗಡಿಗೆ ವಾಪಸು ಹೋಗಿ ದೊಡ್ಡದು ತಂದೆ.

ಇಲ್ಲಿ ಆಲಿವ್ ಕೊಯ್ಲು ನಡೆದಿದೆ. ಬೀದಿಯೆಲ್ಲ ಎಣ್ಣೆಯ ವಾಸನೆ. ನನ್ನ ಕೈ ಸ್ವಲ್ಪ ಒಡೆದಿದೆ, ಸೀಮೆಸುಣ್ಣ ಆಗಿಬರುವುದಿಲ್ಲ ಅಂತ ಕಾಣುತ್ತದೆ.

ನಿನ್ನ
ಪಾವ್ಲಿನಾ


ಲೋಮ್, ೧೪ ಜನವರಿ ೧೯೯೬

ಪ್ರೀತಿಯ ಪಾವ್ಲಿನಾ,

ನಿನ್ನ ಪ್ರಶ್ನೆಗಳನ್ನು ಬೋರ್ಡಿನ ಮೇಲೆ ಬರೆದೆ. ಒಂಬತ್ತನೇ ದಿನಕ್ಕೆ ಇಪ್ಪತ್ತಾರು ಮಕ್ಕಳೂ ಗಿಣಿಗಳ ಹಾಗೆ ಒಪ್ಪಿಸುತ್ತಿವೆ. ನಾನು ಬಾಗಿಲಲ್ಲಿ ಕಾಲಿಡುವ ಮೊದಲೇ "ಮೇಡಂ, ಮಾತ್ರೆ ತಗೊಂಡಿದ್ದೀರಾ?" ಅಂತ ಹಿಂದಿನಿಂದ ಕೂಗುತ್ತಾರೆ. ಹೌದು ಮಕ್ಕಳಾ, ರಕ್ತದೊತ್ತಡದ್ದು, ದಿನಾ ಎರಡು.

ಆದರೆ ಗಿಣಿಪಾಠ ಗಿಣಿಪಾಠವೇ. ಸಾಲು ಸ್ವಲ್ಪ ಆಚೀಚೆ ಮಾಡಿ ಕೇಳಿದರೆ ಬಾಯಿ ಬಿಡುವವರು ಹನ್ನೊಂದು ಜನ. ಉಳಿದ ಹದಿನೈದು ಜನಕ್ಕೆ ಬಾಯಿಗೆ ಬೀಗ. ಈ ಹದಿನೈದು ಜನರನ್ನು ಇನ್ಸ್‌ಪೆಕ್ಟರ್ ಮುಂದೆ ಏನು ಮಾಡಲಿ? ಕೊನೆಗೆ ನಮ್ಮ ಹಳೆಯ ಉಪಾಯಕ್ಕೇ ಶರಣಾದೆ. ನೆನಪಿದೆಯಾ, ಎಂಬತ್ತೊಂದರಲ್ಲಿ ನೀನೇ ನನಗೆ ಹೇಳಿಕೊಟ್ಟದ್ದು. ಪ್ರಶ್ನೆ ಕೇಳಿದ ಕೂಡಲೇ ಎಲ್ಲರೂ ಕೈ ಎತ್ತಬೇಕು. ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಹಿಂದೆ ಕೂತವರಿಗೆ ಕಾಣುವುದು ಕೈಗಳ ಕಾಡು. ನನಗೆ ಮಾತ್ರ ಗೊತ್ತು ಯಾರನ್ನು ಎಬ್ಬಿಸಬೇಕು ಅಂತ. ಒಬ್ಬೊಬ್ಬರನ್ನೇ ಕರೆದು "ನೀನು ಬಲ, ನೀನು ಎಡ" ಅಂತ ಹಂಚಿದ್ದೇನೆ. ನಿನ್ನ ಮಗಳದು ಬಲಗೈ, ಆ ಚಿಂತೆ ಬೇಡ.

ದಿನಾ ಸಂಜೆ ಒಂದು ಗಂಟೆ ಇದರದೇ ತಾಲೀಮು. ಪಾಠ ಕಲಿಸುವುದಕ್ಕಿಂತ ಕೈ ಎತ್ತುವುದನ್ನು ಕಲಿಸಿದ್ದೇ ಹೆಚ್ಚಾಯಿತು. ಒಲೆಗೆ ಸೌದೆ ಸಾಲದು, ಮಕ್ಕಳು ಕೋಟು ಹಾಕಿಕೊಂಡೇ ಕೂರುತ್ತಾರೆ. ಮನೆಗೆ ಹೋದರೆ ಮೆತೋದಿ "ಇವತ್ತು ಏನು ಕಲಿಸ್ದೆ?" ಅಂತಾನೆ. "ಕೈ ಎತ್ತೋದು" ಅಂದೆ. "ಒಳ್ಳೇದಾಯ್ತು, ಮುಂದೆ ಉಪಯೋಗಕ್ಕೆ ಬರತ್ತೆ" ಅಂದ. ನಗು ಬಂತೋ ಅಳು ಬಂತೋ ಗೊತ್ತಾಗಲಿಲ್ಲ, ಬೀನ್ಸ್ ಕಾಳಿನ ಸೂಪು ಬಿಸಿಗಿಟ್ಟೆ.

ಒಂದು ತಮಾಷೆ ಹೇಳುತ್ತೇನೆ. ನಮ್ಮ ಭಾಷೆ ಕಲಿಸುವ ಮೇಡಂ ಜೋರ್ನಿತ್ಸಾಳ ಪ್ರಬಂಧ ತಂದು ತೋರಿಸಿದರು. ವಿಷಯ, ನನ್ನ ತಾಯಿ. ಮಹಾತಾಯಿ ಇಡೀ ಪ್ರಬಂಧವನ್ನು ಕೇಳಿದ ಸುದ್ದಿ ಹೇಳುವವರ ಹಾಗೆ ಬರೆದಿದ್ದಾಳೆ. "ನನ್ನ ಅಮ್ಮ ಹೆರಾಕ್ಲಿಯೋನಿನಲ್ಲಿ ಇದ್ದಾಳಂತೆ. ಸಂಜೆ ಪಾಠ ಮಾಡುತ್ತಾಳಂತೆ. ಮೂವತ್ತು ಜನ ವಿದ್ಯಾರ್ಥಿಗಳಿದ್ದಾರಂತೆ." ಮೊದಲ ಸಾಲಿನಿಂದ ಕೊನೆಯವರೆಗೂ ಅಂತೆ, ಅಂತೆ. ಆ ಮೇಡಂ ಕೆಂಪು ಶಾಯಿಯಲ್ಲಿ ಎಲ್ಲಾ ಅಂತೆಗಳನ್ನೂ ಹೊಡೆದುಹಾಕಿ "ಸ್ವಂತ ತಾಯಿಯ ಬಗ್ಗೆ ಹೀಗೆ ಬರೆಯಬಾರದು" ಅಂತ ಕೊಟ್ಟಿದ್ದಾರೆ. ಹುಡುಗಿಗೆ ಬರವಣಿಗೆಯ ಹದ ಇನ್ನೂ ಸಿಕ್ಕಿಲ್ಲ. ನೀನು ಬಂದಾಗ ತಿದ್ದು.

ಇನ್ನೊಂದಿಷ್ಟು ಪ್ರಶ್ನೆ ಕಳಿಸು.

ನಿನ್ನ
ಸ್ಟೋಯ್ಕಾ


ಹೆರಾಕ್ಲಿಯೋನ್, ೪ ಫೆಬ್ರವರಿ ೧೯೯೬

ಸ್ಟೋಯ್ಕಾ,

ಚಿಕ್ಕ ಕಾಗದ, ಬೇಜಾರು ಮಾಡಿಕೊಳ್ಳಬೇಡ. ಎರಡು ವಾರದಿಂದ ಎವಾಂಥಿಯಾಗೆ ಎದೆಯಲ್ಲಿ ಕಫ ಕಟ್ಟಿದೆ, ಕ್ಲಾಸೇ ಸರಿಯಾಗಿ ನಡೆದಿಲ್ಲ. ಸೊಂಟ ಹಿಡಿದುಕೊಂಡಿದೆ. ನಿಂತು ಪಾಠ ಮಾಡಿ ಮಾಡಿ ಹೀಗಾಯಿತು.

ಪ್ರಶ್ನೆಗಳು: ಇವತ್ತು ಮಗ್ಗುಲು ಬದಲಿಸಿದ್ದೀಯಾ? ನೋವು ಕಡಿಮೆ ಆಗಿದೆಯಾ? ಸ್ವಲ್ಪವಾದರೂ ತಿಂದಿದ್ದೀಯಾ? ಬಟ್ಟೆ ಒದ್ದೆ ಆಗಿದೆಯಾ? ಯಾರಾದರೂ ಬಂದಿದ್ದಾರಾ? ಮಗಳು ಕಾಗದ ಬರೆದಿದ್ದಾಳಾ?

ಆ ಪ್ರಬಂಧದ ವಿಷಯ ಅಷ್ಟು ತಮಾಷೆ ಅನ್ನಿಸಲಿಲ್ಲ ನನಗೆ. ಅದನ್ನು ತಿದ್ದಲು ಹೋಗಬೇಡ.

ಜೋರ್ನಿತ್ಸಾ ಕ್ರಿಸ್ಮಸ್ ಆದಮೇಲೆ ಒಂದು ಸಾಲೂ ಬರೆದಿಲ್ಲ. ಸ್ವೆಟರ್ ಸಿಕ್ಕಿತೋ ಇಲ್ಲವೋ ಅದೂ ಗೊತ್ತಿಲ್ಲ. ಓದಿನಲ್ಲಿ ಬಿಡುವಿಲ್ಲವೇನೋ. ನಿನ್ನ ಕ್ಲಾಸಿನಲ್ಲಿ ಬಲಗೈ ಎತ್ತುತ್ತಾಳೆ ಅಂತ ಬರೆದೆಯಲ್ಲ, ಸೊಂಟ ನೋಯುವಾಗೆಲ್ಲ ಅದನ್ನೇ ನೆನೆಸಿಕೊಳ್ಳುತ್ತೇನೆ. ನನ್ನ ಮಗಳ ಬಲಗೈ. ಒಬ್ಬಳಾದರೂ ಚೆನ್ನಾಗಿದ್ದಾಳಲ್ಲ ಅನ್ನಿಸುತ್ತದೆ.

ಪಾವ್ಲಿನಾ


ಲೋಮ್, ೨೫ ಫೆಬ್ರವರಿ ೧೯೯೬

ಪ್ರೀತಿಯ ಪಾವ್ಲಿನಾ,

ಇದರೊಳಗೆ ಕೆಂಪು ಬಿಳಿ ದಾರ ಇಟ್ಟಿದ್ದೇನೆ, ಮಾರ್ಚ್ ಒಂದಕ್ಕೆ ಕೈಗೆ ಕಟ್ಟಿಕೋ. ಅಲ್ಲಿ ಯಾರೂ ಕಟ್ಟಿಕೊಡುವವರಿರುವುದಿಲ್ಲ. ವಸಂತದ ಮೊದಲ ಕೊಕ್ಕರೆ ಕಾಣುವವರೆಗೂ ಬಿಚ್ಚಬೇಡ. ಕಂಡರೆ ಯಾವುದಾದರೂ ಹಣ್ಣಿನ ಮರಕ್ಕೆ ಕಟ್ಟು.

ತೆರೆದ ಪಾಠ ಮಾರ್ಚ್ ಹದಿಮೂರು, ಬುಧವಾರ. ಬರುವವರು ಇನ್ಸ್‌ಪೆಕ್ಟರ್ ಕುಂಚೆವ್. ಹೆಸರು ಕೇಳಿದರೇ ಮೇಡಂಗಳೆಲ್ಲ ಕೈಕೈ ಹಿಸುಕಿಕೊಳ್ಳುತ್ತಾರೆ. ಪಕ್ಕದ ಊರಿನಲ್ಲಿ ಮೂವರಲ್ಲಿ ಇಬ್ಬರನ್ನು ಫೇಲು ಮಾಡಿ ಬಂದಿದ್ದಾನೆ. ಒಬ್ಬಳು ನನಗಿಂತ ಒಂದು ವರ್ಷ ದೊಡ್ಡವಳು. ಅವಳು ಪಾಠದ ನಡುವೆ ಬೋರ್ಡಿನ ಕಡೆ ತಿರುಗಿ ಅತ್ತಳಂತೆ, ಮಕ್ಕಳು ಅದೂ ಪಾಠವೇ ಅಂದುಕೊಂಡು ಬರೆದುಕೊಂಡರಂತೆ.

ನಿನ್ನ ಹೊಸ ಪ್ರಶ್ನೆಗಳನ್ನೂ ಸೇರಿಸಿದ್ದೇನೆ, "ಬಟ್ಟೆ ಒದ್ದೆ" ಒಂದನ್ನು ಬಿಟ್ಟು. ಎಂಟನೇ ತರಗತಿಯವರಿಗೆ ಅದನ್ನು ಕೇಳಿದರೆ ಪಾಠ ಅಲ್ಲಿಗೇ ಮುಗಿಯುತ್ತದೆ. "ಮಗ್ಗುಲು ಬದಲಿಸಿದ್ದೀಯಾ" ಅಂದಾಗ ಕ್ಲಾಸಿನಲ್ಲಿ ನಿದ್ದೆ ಮಾಡುವವರ ಬಗ್ಗೆ ಅಂದುಕೊಂಡು ಬಿದ್ದು ಬಿದ್ದು ನಕ್ಕರು. ನಿಮ್ಮ ಸಂಜೆ ಶಾಲೆಯಲ್ಲಿ ಎಂಥ ಪುಸ್ತಕ ಇಟ್ಟಿದ್ದಾರೋ ಕಾಣೆ.

ಒಂದು ಸಂತೋಷದ ವಿಷಯ. ಜೋರ್ನಿತ್ಸಾ ಪಾಠ ಮುಗಿದ ಮೇಲೆ ಒಬ್ಬಳೇ ಬಂದು ನಿಂತಳು. "ಮೇಡಂ, ಈ ಪ್ರಶ್ನೆಯೆಲ್ಲ ಅಮ್ಮನೇ ಬರೆದದ್ದಾ?" ಅಂದಳು. ಹೌದು ಅಂದೆ. "ಆ ಕಾಗದ ತೋರಿಸ್ತೀರಾ?" ಅಂದಳು. ನಿನ್ನ ಎರಡೂ ಪಟ್ಟಿ ಇರುವ ಭಾಗ ತೋರಿಸಿದೆ. ಬಿಟ್ಟುಹೋದ ಪ್ರಶ್ನೆಯನ್ನೂ ಸೇರಿಸಿ ಎಲ್ಲವನ್ನೂ ತನ್ನ ನೋಟ್ ಪುಸ್ತಕಕ್ಕೆ ಇಳಿಸಿಕೊಂಡಳು. ಇಂಗ್ಲಿಷಿನ ಮೇಲೆ ಆಸಕ್ತಿ ಹುಟ್ಟಿದೆ, ಥೇಟ್ ನಿನ್ನ ಹಾಗೆ. ಕಾಗದ ಬರೆಯಲು ಹೇಳಿದ್ದೇನೆ. "ಬರೀತೀನಿ" ಅಂದಿದ್ದಾಳೆ.

ತುಂಬಾ ದಣಿದಿದ್ದೇನೆ ಪಾವ್ಲಿನಾ. ಐವತ್ತೆರಡನೇ ವಯಸ್ಸಿನಲ್ಲಿ ಪರೀಕ್ಷೆಗೆ ಕೂರುವುದು ಯಾರಿಗೂ ಬೇಡ. ಹದಿಮೂರನೇ ತಾರೀಕು ಹನ್ನೊಂದು ಗಂಟೆಗೆ ನನ್ನನ್ನು ಒಂದು ಸಲ ನೆನೆಸಿಕೋ.

ಸ್ಟೋಯ್ಕಾ


ಲೋಮ್, ೧೭ ಮಾರ್ಚ್ ೧೯೯೬

ಪಾವ್ಲಿನಾ,

ಪಾಸಾದೆ. ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಉಳಿದದ್ದನ್ನು ಓದಿದ ಮೇಲೆ ನೀನು ನನ್ನನ್ನು ಅಭಿನಂದಿಸುವುದಿಲ್ಲ.

ಹನ್ನೊಂದಕ್ಕೆ ಸರಿಯಾಗಿ ಕುಂಚೆವ್ ಬಂದು ಹಿಂದಿನ ಬೆಂಚಿನಲ್ಲಿ ಕೂತ. ಕುಳ್ಳ ಮನುಷ್ಯ, ತೋಳಿನಲ್ಲಿ ಕೆಂಪು ಬಿಳಿ ದಾರ. ಶುರುವಾದ ಮೇಲೆ ಎಲ್ಲ ನೀರು ಹರಿದ ಹಾಗೆ ಹೋಯಿತು. ಊಟ ಆಗಿದೆಯಾ? ಇಪ್ಪತ್ತಾರು ಕೈ ಮೇಲೆ. ನಾನು ಬಲಗೈ ನೋಡಿ ಎಬ್ಬಿಸಿದೆ, ಉತ್ತರ ಬಂತು. ನೀರು ಕುಡಿದಿದ್ದೀಯಾ? ಇಪ್ಪತ್ತಾರು ಕೈ. ಹೆಡ್‌ಮಿಸ್ಟ್ರೆಸ್ ಮುಖ ಅರಳಿತು. ಮೂವತ್ತು ನಿಮಿಷ ಒಂದು ತಪ್ಪಿಲ್ಲ.

ಆಮೇಲೆ ಕುಂಚೆವ್ ಎದ್ದುನಿಂತ. "ನಾನೂ ಒಂದು ಕೇಳಬಹುದಾ ಮೇಡಂ?" ಅಂದ. ಬೇಡ ಅನ್ನಲು ನಾನ್ಯಾರು? ತನ್ನ ತೋಳಿನ ದಾರ ತೋರಿಸಿ ಇಂಗ್ಲಿಷಿನಲ್ಲಿ ಮಕ್ಕಳನ್ನು ಕೇಳಿದ, ಈ ವರ್ಷ ಕೊಕ್ಕರೆ ನೋಡಿದ್ದೀರಾ ಅಂತ.

ಮಾರ್ಚ್ ತಿಂಗಳಲ್ಲಿ ಈ ಊರಿನಲ್ಲಿ ಎಲ್ಲರೂ ಎಲ್ಲರನ್ನೂ ಕೇಳುವ ಪ್ರಶ್ನೆ! ಅಂಗಡಿಯಲ್ಲಿ, ಬಸ್ಸಿನಲ್ಲಿ, ಬಾವಿಕಟ್ಟೆಯಲ್ಲಿ ಕೇಳುವುದು. ನಾಲ್ಕು ತಿಂಗಳು ಬಾಣ, ಮಾತ್ರೆ ಅಂತ ಒದ್ದಾಡಿದ ನನಗೆ ಅದು ಹೊಳೆದಿರಲೇ ಇಲ್ಲ. ಮಕ್ಕಳಿಗೂ ಏನೂ ಹೊಳೆಯಲಿಲ್ಲ. ತಾಲೀಮು ಆಗಿತ್ತಲ್ಲ, ಇಪ್ಪತ್ತಾರು ಕೈ ಸರ್ರನೆ ಮೇಲೆದ್ದವು. ಕುಂಚೆವ್ ಒಂದೊಂದೇ ಸಾಲು ನೋಡುತ್ತಾ ಬಂದ. ಬಲಗೈಗಳನ್ನು ಬಿಟ್ಟು ಬಿಟ್ಟು ಬಂದ. ಕಿಟಕಿಯ ಹತ್ತಿರದ ಒಂದು ಎಡಗೈಯ ಮುಂದೆ ನಿಂತ.

ಅದು ಜೋರ್ನಿತ್ಸಾಳ ಕೈ.

ಹೌದು, ಎಡಗೈ. ನಿನಗೆ ಸುಳ್ಳು ಬರೆದಿದ್ದೆ. ಅವಳು ಅಕ್ಟೋಬರಿನಿಂದ ನನ್ನ ಕ್ಲಾಸಿನಲ್ಲಿ ಬಾಯಿ ಬಿಟ್ಟಿರಲಿಲ್ಲ. ಕೇಳಿದರೆ ಮೇಜು ನೋಡುತ್ತಾ ನಿಲ್ಲುತ್ತಿದ್ದಳು. ಬುದ್ಧಿ ಮಂದ ಆಗಿದೆ ಅಂದುಕೊಂಡೆ, ತಾಯಿ ಇಲ್ಲದ ಮನೆ ಅಂದುಕೊಂಡೆ, ಕೊನೆಗೆ ಏನೂ ಅಂದುಕೊಳ್ಳುವುದನ್ನೇ ಬಿಟ್ಟು "ನೀನು ಎಡ" ಅಂದೆ. ಅವಳು "ಆಯ್ತು ಮೇಡಂ" ಅಂದಳು. ನಿನಗೆ ಹೇಗೆ ಬರೆಯಲಿ? ದೂರದಲ್ಲಿ ಇರುವವಳಿಗೆ ಯಾಕೆ ನೋವು ಅಂತ ನನಗೆ ನಾನೇ ಹೇಳಿಕೊಂಡೆ. ನಿಜ ಏನೆಂದರೆ, ನಿನ್ನ ಮಗಳನ್ನು ನೋಡಿಕೊಳ್ಳುತ್ತೇನೆ ಅಂತ ನೀನು ಹೊರಟ ದಿನ ಬಸ್ಸಿನ ಹತ್ತಿರ ನಿನಗೆ ಮಾತು ಕೊಟ್ಟಿದ್ದೆ, ನೋಡಿಕೊಂಡಿರಲಿಲ್ಲ.

ಅವಳು ಎದ್ದು ನಿಂತು ಇಂಗ್ಲಿಷಿನಲ್ಲಿ ಹೇಳಿದಳು, ಇಲ್ಲ, ನಾನು ನೋಡಿಲ್ಲ. ತಪ್ಪಿಲ್ಲದ ಉತ್ತರ. ಕುಂಚೆವ್ ಹುಬ್ಬೇರಿಸಿದ. ಹಾಗಾದರೆ ಈಗ ನೀನು ನನ್ನನ್ನು ಒಂದು ಪ್ರಶ್ನೆ ಕೇಳು ಅಂದ.

ಹೆಡ್‌ಮಿಸ್ಟ್ರೆಸ್ ಕೆಮ್ಮಿದರು. ಆಮೇಲೆ ಅವಳು ಕೇಳಿದಳು. ಕೇಳಿದ್ದು ಇಂಗ್ಲಿಷಿನಲ್ಲಿ, ನಿನಗೆ ನಮ್ಮ ಮಾತಿನಲ್ಲಿ ಬರೆಯುತ್ತೇನೆ: "ನನ್ನ ಅಮ್ಮನ ಊಟ ಆಗಿದೆಯಾ?"

ಕುಂಚೆವ್ ಪಾಠದ ಪ್ರಶ್ನೆ ಅಂದುಕೊಂಡು ನಕ್ಕ. ನನಗೆ ಗೊತ್ತಿಲ್ಲವಲ್ಲ, ನಿನ್ನ ಅಮ್ಮ ಎಲ್ಲಿದ್ದಾರೆ ಅಂತ ಕೇಳಿದ.

"ಗ್ರೀಸಿನಲ್ಲಿ ಇದ್ದಾಳೆ. ಒಬ್ಬ ಮುದುಕಿಗೆ ಊಟ ಮಾಡಿಸಿದ್ದಾಳೆ. ಮಾತ್ರೆ ಕೊಟ್ಟಿದ್ದಾಳೆ. ಮಗ್ಗುಲು ಬದಲಿಸಿದ್ದಾಳೆ. ಒದ್ದೆ ಬಟ್ಟೆ ಒಗೆದಿದ್ದಾಳೆ. ಅವಳ ಊಟ ಆಗಿದೆಯಾ ಅಂತ ಯಾರೂ ಕೇಳಿಲ್ಲ."

ಒಂದು ಪಿಳ್ಳೆಯೂ ನಗಲಿಲ್ಲ. ಅರ್ಧ ಮಕ್ಕಳಿಗೆ ಅರ್ಥವೇ ಆಗಿರಲಿಲ್ಲ, ಆದರೂ ನಗಲಿಲ್ಲ. ಕುಂಚೆವ್ ನಮ್ಮ ಮಾತಿಗೆ ಬಂದು "ಕೂತ್ಕೋ ಮಗು" ಅಂದ. ಅವಳು ಕೂರಲಿಲ್ಲ. ಗಂಟೆ ಹೊಡೆಯುವವರೆಗೂ ನಿಂತೇ ಇದ್ದಳು.

ಮಧ್ಯಾಹ್ನ ಅವಳನ್ನು ಹುಡುಕಿಕೊಂಡು ನಿನ್ನ ಅಮ್ಮನ ಮನೆಗೆ ಹೋದೆ. "ನಿನಗೆ ಯಾರು ಹೇಳಿದ್ದೇ?" ಅಂದೆ. "ಯಾರೂ ಹೇಳಿಲ್ಲ. ತಾತ ಹಾಸಿಗೆ ಹಿಡಿದಿದ್ದಾಗ ಅಜ್ಜಿ ದಿನಾ ಇದನ್ನೇ ಕೇಳ್ತಿದ್ದಳು. ಇದೇ ಪ್ರಶ್ನೆ, ಇದೇ ಸಾಲು. ಯಾವ ಸ್ಕೂಲಲ್ಲಿ ಮೇಡಂ, ಬಟ್ಟೆ ಒದ್ದೆ ಆಗಿದೆಯಾ ಅಂತ ಕೇಳ್ತಾರೆ?" ಅಂದಳು. ಆ ಪಟ್ಟಿಯನ್ನು ನಾನು ಎರಡು ತಿಂಗಳು ಬೋರ್ಡಿನ ಮೇಲೆ ಬರೆದು ಅಳಿಸಿದ್ದೇನೆ ಪಾವ್ಲಿನಾ. ನಿನ್ನ ತಂದೆಯ ಆ ಕೋಣೆಗೆ ನಾನೂ ಎಷ್ಟು ಸಲ ಬಂದು ಹೋಗಿದ್ದೆ. ನನಗೆ ಕೇಳಿಸಲಿಲ್ಲ.

ಕುಂಚೆವ್ ಹೋಗುವಾಗ ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿದ. "ಎಡಗೈ ಬಲಗೈ ಆಟ ನನಗೇ ಆಡಿ ತೋರಿಸ್ತೀರಾ ಮೇಡಂ? ನಾನೂ ಇಪ್ಪತ್ತು ವರ್ಷ ರಷ್ಯನ್ ಮೇಷ್ಟ್ರು. ನಾನು ಎಬ್ಬಿಸೋದೇ ಎಡಗೈಯವರನ್ನ. ಪಕ್ಕದ ಊರಲ್ಲಿ ಇಬ್ಬರು ಬಿದ್ದದ್ದು ಅದಕ್ಕೇ" ಅಂದ. "ಇವತ್ತಿನ ಉತ್ತರ ಎಲ್ಲ ನೀವು ಬರೆದುಕೊಟ್ಟದ್ದು. ಆ ಒಂದು ಪ್ರಶ್ನೆ ಅವಳದು. ಅದಕ್ಕೆ ಸಹಿ ಹಾಕ್ತಿದ್ದೀನಿ, ನಿಮ್ಮ ಪಾಠಕ್ಕಲ್ಲ" ಅಂದು ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಹೋದ.

ನನ್ನ ಕೆಲಸ ಉಳಿಯಿತು. ನಾನು ಎಡಗೈ ಕೊಟ್ಟ ಹುಡುಗಿಯಿಂದ ಉಳಿಯಿತು.

ಇದು ನಿಜವಾ ಪಾವ್ಲಿನಾ? ನೀನು ಬರೆದರೆ ನಂಬುತ್ತೇನೆ. ಅವಳು ಮಾತ್ರ ನನ್ನ ಹತ್ತಿರ ಇನ್ನೇನೂ ಕೇಳಿಲ್ಲ, ಆ ಪ್ರಶ್ನೆಗೆ ಉತ್ತರ ಬಂತಾ ಅಂತ ದಿನಾ ಕೇಳುತ್ತಾಳೆ.

ಸ್ಟೋಯ್ಕಾ


ಹೆರಾಕ್ಲಿಯೋನ್, ೩೧ ಮಾರ್ಚ್ ೧೯೯೬

ಸ್ಟೋಯ್ಕಾ,

ನಿಜ.

ಶಾಲೆ ಇಲ್ಲ. ಯಾವತ್ತೂ ಇರಲಿಲ್ಲ. ನನ್ನ ಮೂವತ್ತು ವಿದ್ಯಾರ್ಥಿಗಳು ಎವಾಂಥಿಯಾ ಅಮ್ಮ ಒಬ್ಬರೇ. ಎಂಬತ್ತನಾಲ್ಕು ವರ್ಷ, ಎಡಭಾಗ ಸ್ವಾಧೀನವಿಲ್ಲ. ಮೂವತ್ತು ವರ್ಷ ಆಸ್ಟ್ರೇಲಿಯಾದಲ್ಲಿ ಇದ್ದು ಬಂದವರು. ನನಗೆ ಅವರ ಭಾಷೆ ಬಾರದು, ಅದಕ್ಕೇ ಇಬ್ಬರೂ ಇಂಗ್ಲಿಷಿನಲ್ಲಿ ಮಾತಾಡುತ್ತೇವೆ. ಆ ಪ್ರಶ್ನೆಗಳನ್ನು ತಪ್ಪಿಲ್ಲದೆ ಕೇಳುವುದನ್ನು ನನಗೆ ಕಲಿಸಿದ್ದೂ ಅವರೇ. ನಿಧಾನ ಅಂತ ಬರೆದೆನಲ್ಲ, ನಿಧಾನ ನಾನು.

ಬಸ್ಸಿನ ಹತ್ತಿರ ಇಡೀ ಬೀದಿ ಬಂದು "ನಮ್ಮ ಟೀಚರ್ ಹೊರದೇಶಕ್ಕೆ ಹೊರಟಿದ್ದಾರೆ" ಅಂತ ಬೀಳ್ಕೊಟ್ಟಿತ್ತು. ಹೂವು ಬೇರೆ ಕೊಟ್ಟಿದ್ದರು. ಇಲ್ಲಿಗೆ ಬಂದು ಮೊದಲ ದಿನ ಬಕೆಟ್ಟು ಹಿಡಿದವಳು ಊರಿಗೆ ಏನಂತ ಬರೆಯಲಿ? ಒಂದು ಸಾಲು ಸುಳ್ಳು ಬರೆದೆ. ಆಮೇಲೆ ಆ ಸಾಲನ್ನು ಸಾಕಬೇಕಾಯಿತು. ರಜೆ ಕೊಡುವುದಿಲ್ಲ ಅಂದದ್ದೂ ಸುಳ್ಳು. ನನ್ನ ಹತ್ತಿರ ಕಾಗದಪತ್ರ ಇಲ್ಲ. ಒಮ್ಮೆ ಗಡಿ ದಾಟಿದರೆ ವಾಪಸು ಬಿಡುವುದಿಲ್ಲ, ಅದಕ್ಕೇ ಎರಡೂವರೆ ವರ್ಷ ಬರಲಿಲ್ಲ.

ಬಲಗೈ ಅಂತ ಬರೆದೆಯಲ್ಲ, ಅದಕ್ಕೆ ನಿನ್ನ ಮೇಲೆ ಇಡೀ ಒಂದು ದಿನ ಉರಿಯುವಷ್ಟು ಸಿಟ್ಟು ಬಂತು. ಸೊಂಟ ನೋಯುವಾಗ ನಾನು ಹಿಡಿದುಕೊಂಡಿದ್ದ ಕೈ ಅದು. ಮಾರನೆಯ ದಿನದ ಹೊತ್ತಿಗೆ ಸಿಟ್ಟು ಮಾಡಿಕೊಳ್ಳಲು ನನಗೆ ಮುಖ ಉಳಿದಿರಲಿಲ್ಲ. ನೀನು ಒಂದು ಕೈ ಸುಳ್ಳು ಹೇಳಿದೆ, ನಾನು ಒಂದು ಶಾಲೆಯನ್ನೇ ಕಟ್ಟಿದೆ. ಇಬ್ಬರೂ ಅವಳನ್ನು ಕೇಳಲಿಲ್ಲ.

ನಿನ್ನ ಕಾಗದ ಬಂದ ದಿನ ಅಡುಗೆಮನೆಯಲ್ಲಿ ನಿಂತು ಓದುತ್ತಿದ್ದೆ. ನಾನು ಯಾವಾಗಲೂ ನಿಂತೇ ಊಟ ಮಾಡುವುದು, ಅವರಿಗೆ ತಿನ್ನಿಸಿ ಆದಮೇಲೆ, ಪಾತ್ರೆಯಲ್ಲಿ ಉಳಿದದ್ದನ್ನು. ಒಳಗಿನಿಂದ "ಏನಾಯ್ತೇ ಹುಡುಗಿ, ಯಾಕೆ ಸದ್ದಿಲ್ಲ?" ಅಂತ ಕೂಗಿದರು. ಹೋಗಿ ಹಾಸಿಗೆಯ ಪಕ್ಕ ಕೂತು ಎಲ್ಲವನ್ನೂ ಹೇಳಿದೆ, ನನ್ನ ಸುಳ್ಳನ್ನೂ. ತಮ್ಮನ್ನು ಮಂದಬುದ್ಧಿಯ ವಿದ್ಯಾರ್ಥಿ ಮಾಡಿದ್ದನ್ನು ಕೇಳಿ ಮೊದಲು ಬಲು ನಕ್ಕರು. ಜೋರ್ನಿತ್ಸಾಳ ಪ್ರಶ್ನೆ ಹೇಳಿದಾಗ ನಗು ನಿಂತಿತು. ಗೋಡೆ ಕಡೆ ಮುಖ ತಿರುಗಿಸಿಕೊಂಡರು. ಹಾಗೆಯೇ "ಎರಡು ವರ್ಷದಲ್ಲಿ ನಾನೂ ನಿನ್ನ ಊಟ ಆಯ್ತಾ ಅಂತ ಒಂದು ದಿನ ಕೇಳಿಲ್ಲ ಅಲ್ವೇನೇ?" ಅಂದರು. ಇಲ್ಲ ಅಂದೆ. ಸುಳ್ಳು ಹೇಳಿ ಹೇಳಿ ಸಾಕಾಗಿತ್ತು.

ಮಾರನೆಯ ದಿನ ಅವರೇ ಫೋನು ಮಾಡಿಸಿ ತಮ್ಮನ ಮಗಳನ್ನು ಕರೆಸಿದ್ದಾರೆ. ಮುಂದಿನ ತಿಂಗಳ ವಸಂತದ ಹಬ್ಬ ಕಳೆಯುವವರೆಗೆ ಅವಳು ನೋಡಿಕೊಳ್ಳುತ್ತಾಳೆ. "ಹೋಗು. ವಾಪಸು ಬಿಟ್ಟರೆ ಬಾ. ಬಿಡದಿದ್ದರೆ ಅಲ್ಲಿಂದಲೇ ಕಾಗದ ಬರಿ, ತಪ್ಪು ತಿದ್ದಿ ಕಳಿಸ್ತೀನಿ" ಅಂದರು. ವಾಪಸು ಬಿಡುವುದಿಲ್ಲ ಅಂತ ಅವರಿಗೂ ಗೊತ್ತು, ನನಗೂ ಗೊತ್ತು. ಅಲ್ಲಿಗೆ ಬಂದು ಏನು ಮಾಡುತ್ತೇನೋ ಗೊತ್ತಿಲ್ಲ. ನಿನ್ನ ಶಾಲೆಯಲ್ಲಿ ನನಗೆ ಜಾಗವಿಲ್ಲ, ಬೀದಿಯವರ ಕಣ್ಣು ನನ್ನ ಕೈ ಮೇಲೇ ಇರುತ್ತದೆ. ನೋಡಲಿ.

ನಿನ್ನ ದಾರ ಇನ್ನೂ ನನ್ನ ಕೈಯ ಮೇಲಿದೆ. ಕೊಕ್ಕರೆ ಕಂಡಿಲ್ಲ.

ಜೋರ್ನಿತ್ಸಾಗೆ ಬೇರೆ ಕಾಗದ ಬರೆಯಲು ಕೂತು ನಾಲ್ಕು ಸಲ ಹರಿದೆ. ನೀನೇ ಹೇಳು. ಕ್ಲಾಸಿನಲ್ಲಿ ಎಲ್ಲರ ಮುಂದೆ ಕೇಳಿದ್ದಾಳೆ, ಎಲ್ಲರ ಮುಂದೆಯೇ ಉತ್ತರ ಹೇಳು. ಇಲ್ಲ, ಅಮ್ಮನ ಊಟ ಇನ್ನೂ ಆಗಿಲ್ಲ. ಹಬ್ಬದ ಹಿಂದಿನ ದಿನ, ಶನಿವಾರ ಸಂಜೆಯ ಬಸ್ಸಿಗೆ ಬರುತ್ತಾಳೆ. ತಟ್ಟೆ ಹಾಕಿಟ್ಟಿರಲಿ, ಕೂತು ಉಣ್ಣುತ್ತಾಳೆ.

ಪಾವ್ಲಿನಾ